ಬಿಸಿದಿನ್ನಿಯ ಅನುಮತಿ

ನಮ್ಮೂರಲ್ಲಿ ಮಾರ್ಗಶಿರ ಹುಟ್ಟಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಂಕಿ ಹೋಗುತ್ತದೆ. ಕಡ್ಡಿ ಗೀರಿದರೆ ಕಿಡಿ ಹಾರಿ ಅಲ್ಲೇ ಸಾಯುತ್ತದೆ. ಒಲೆಯಲ್ಲಿ ಉರಿಯುತ್ತಿದ್ದ ಕಟ್ಟಿಗೆ ಹೊಗೆಯನ್ನೂ ಬಿಡದೆ ಕಪ್ಪಾಗುತ್ತದೆ. ಲೈಟು ಮಿಣಮಿಣ ಉರಿಯುತ್ತದೆ, ಆದರೆ ಹೀಟರಿನ ತಂತಿ ಕೆಂಪಾಗುವುದಿಲ್ಲ. ಬಸ್ಸು, ಲಾರಿಗಳು ಗಡಿಗಲ್ಲಿನ ಆಚೆಗೇ ನಿಲ್ಲುತ್ತವೆ, ಅಲ್ಲಿಂದೀಚೆಗೆ ಎತ್ತಿನ ಗಾಡಿ. ಶಿವರಾತ್ರಿಯ ಹೊತ್ತಿಗೆ ಯಾರದೋ ಮನೆಯ ಒಲೆ ಹತ್ತಿಕೊಂಡಿತೆಂಬ ಸುದ್ದಿ ಬರುವ ತನಕ ಹೀಗೇ. ಕಾರ್ತಿಕ ಪೂರ್ತಿ ನಮ್ಮ ಹೆಂಗಸರು ಖಡಕ್ ರೊಟ್ಟಿ ಬಡಿದು ಬುಟ್ಟಿ ತುಂಬುತ್ತಾರೆ, ಹುರಿದ ಹಿಟ್ಟು, ಶೇಂಗಾ ಹಿಂಡಿ ಮಾಡಿಡುತ್ತಾರೆ. ಹೆಣ ಸುಡುವ ಮಂದಿಯೂ ಆ ಮೂರು ತಿಂಗಳು ಹೂಳುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ ಅಳುತ್ತಾರೆ, ಎರಡನೆಯ ವರ್ಷ ತವರಿಗೆ ಹೋಗುತ್ತಾರೆ, ಮೂರನೆಯ ವರ್ಷ ತಾವೇ ಕೌದಿ ಹೊಲಿಯುತ್ತಾ ಕೂರುತ್ತಾರೆ.

ಆ ದಿನಗಳಲ್ಲಿ ಊರಿಗೆಲ್ಲ ಬಿಸಿ ಅನ್ನುವುದು ಇರುವುದು ಒಂದೇ ಕಡೆ. ಊರಿನ ಮೂಡಲಿಗೆ ಎರಡು ಮೈಲಿ ದೂರದಲ್ಲಿ ನಾನೂರು ಎಕರೆ ಸರ್ಕಾರಿ ಜಮೀನಿದೆ. ಅದಕ್ಕೆ ಬಿಸಿದಿನ್ನಿ ಅನ್ನುತ್ತಾರೆ. ಅಲ್ಲಿ ಬರಿಗಾಲಲ್ಲಿ ನಿಂತರೆ ಅಂಗಾಲು ಬೆಚ್ಚಗಾಗುತ್ತದೆ, ಕೆಲವು ಕಡೆ ಸುಡುತ್ತದೆ, ಒಂದು ಮೂಲೆಯಲ್ಲಿ ಬಂಡೆಯ ಸಂದಿಯಿಂದ ಹಬೆ ಏಳುತ್ತದೆ, ಬಿಸಿನೀರು ಜಿನುಗುತ್ತದೆ. ಹಗಲು ಹೊತ್ತು ಮುದುಕರು, ಬಾಣಂತಿಯರು ಹೋಗಿ ಕೂತು ಬರುತ್ತಾರೆ. ಹೊತ್ತು ಮುಳುಗುವ ಮುಂಚೆ ಕಾವಲುಗಾರ ಸೀಟಿ ಊದುತ್ತಾನೆ, ಎಲ್ಲರೂ ಎದ್ದು ಬರಬೇಕು. ಅಲ್ಲಿ ಒಂದು ಗೂಟ ಹುಗಿಯಲಿಕ್ಕೂ ಅಪ್ಪಣೆ ಬೇಕು. ಆ ಅಪ್ಪಣೆಯ ಕಾಗದಗಳು ಹಾದುಹೋಗುತ್ತಿದ್ದದ್ದು ನನ್ನ ಮೇಜಿನ ಮೇಲಿಂದ. ನಾನು ಭೂ ಶಾಖೆಯ ಗುಮಾಸ್ತ, ಪಂಪಾಪತಿ. ನಾನು ಹೇಳಹೊರಟಿರುವುದು ದಾಕ್ಷಾಯಣಿ ಬಡಿಗೇರ ಎಂಬ ಹೆಣ್ಣುಮಗಳ ಕಥೆ, ಆದರೆ ಅದರಲ್ಲಿ ನನ್ನ ಅಕ್ಷರ ಎಲ್ಲ ಕಡೆ ಇದೆ.

ದಾಕ್ಷಾಯಣಿ ನಮ್ಮ ಹೆರಿಗೆ ಆಸ್ಪತ್ರೆಯ ಹಿರಿಯ ಸಿಸ್ಟರ್. ನಲವತ್ತೈದು ದಾಟಿದ್ದಳು, ಮದುವೆಯಾಗಿರಲಿಲ್ಲ. ಊರಿನ ಅರ್ಧ ಮಕ್ಕಳ ಹೊಕ್ಕುಳು ಕತ್ತರಿಸಿದವಳು ಅವಳೇ, ನನ್ನ ಇಬ್ಬರು ಮಕ್ಕಳದ್ದೂ ಸೇರಿ. ತುಂಬಿದ ತಿಂಗಳಲ್ಲಿ ಹುಟ್ಟಿದ ಕೂಸುಗಳು ತಾಯಿಯ ಮೈಶಾಖದಲ್ಲಿ ಹೇಗೋ ಮೂರು ತಿಂಗಳು ಕಳೆಯುತ್ತಿದ್ದವು. ದಿನ ತುಂಬದೆ ಹುಟ್ಟಿದವು, ತಾಯಿಯನ್ನು ಕಳೆದುಕೊಂಡವು ತಣ್ಣಗಾಗುತ್ತಿದ್ದವು. ಎಳೆಗೂಸುಗಳನ್ನು ಇಡುವ ಗಾಜಿನ ಪೆಟ್ಟಿಗೆ ವಾರ್ಡಿನಲ್ಲಿ ಇತ್ತು, ಆ ಮೂರು ತಿಂಗಳು ಅದರಲ್ಲಿ ಬಟ್ಟೆ ಮಡಿಚಿ ಇಡುತ್ತಿದ್ದರು. ಬಿಸಿದಿನ್ನಿಯಿಂದ ಕೊಡಗಳಲ್ಲಿ ಬಿಸಿನೀರು ತುಂಬಿ ಕಂಬಳಿ ಸುತ್ತಿ ತರುತ್ತಿದ್ದರು, ಆಸ್ಪತ್ರೆ ಮುಟ್ಟುವಾಗ ಅದು ಉಗುರು ಬೆಚ್ಚಗೆ.

ಬೋರು ಕೊರೆಯುವ ಲಾರಿಯ ಒಡೆಯ ರಾಜೇಸಾಬ ನದಾಫ ಅವಳಿಗೆ ದಾರಿ ತೋರಿಸಿದ. ಅವನ ಮಗಳ ಹೆರಿಗೆಯ ದಿನ ವರಾಂಡದಲ್ಲಿ ಕೂತಾಗ ಮಾತಿಗೆ ಮಾತು ಬಂದು, ಬಿಸಿದಿನ್ನಿಯಲ್ಲಿ ಮುನ್ನೂರು ಅಡಿ ಇಳಿದರೆ ಕುದಿಯುವ ನೀರು ತಾನೇ ಮೇಲೆ ಬರುತ್ತದೆ, ಕೊಳವೆಗೆ ಹುಲ್ಲು, ಉಣ್ಣೆ ಸುತ್ತಿ ಹೂತು ತಂದರೆ ವಾರ್ಡಿನ ನೆಲದ ಕೆಳಗೆ ಹರಿಸಬಹುದು, ಮೂರು ತಿಂಗಳು ನೆಲ ಬೆಚ್ಚಗಿರುತ್ತದೆ ಎಂದ. ಕೆಲಸ ಇಪ್ಪತ್ತು ದಿನದ್ದು. ಕೊರೆತ ತಾನು ಧರ್ಮಕ್ಕೆ ಮಾಡಿಕೊಡುತ್ತೇನೆ ಎಂದ. ಮರುದಿನವೇ ದಾಕ್ಷಾಯಣಿ ಅರ್ಜಿ ಬರೆದು ತಂದಳು.

ನಾನು ಅರ್ಜಿ ಓದಿ ಕಪಾಟಿನಲ್ಲಿದ್ದ ಫಾರಂಗಳನ್ನೆಲ್ಲ ತೆಗೆದೆ. ಕಲ್ಲು ಗಣಿಗೆ ಫಾರಂ ಇತ್ತು, ಮರಳಿಗೆ ಇತ್ತು, ಸುಣ್ಣದ ಕಲ್ಲಿಗೆ ಇತ್ತು. ಬಿಸಿದಿನ್ನಿಯ ಪಕ್ಕದ ಗುಡ್ಡವನ್ನು ಒಡೆಯಲಿಕ್ಕೆ ಒಂದು ವಾರದಲ್ಲಿ ಅನುಮತಿ ಕೊಟ್ಟಿದ್ದೆವು. ಭೂಮಿಯ ಶಾಖಕ್ಕೆ ಮಾತ್ರ ಫಾರಂ ಇರಲಿಲ್ಲ. ಆದ್ದರಿಂದ ಅದು 'ಇತರೆ' ಎಂಬ ಕಡತಕ್ಕೆ ಹೋಯಿತು. ಆ ಕಡತಕ್ಕೆ ಹೋದದ್ದಕ್ಕೆ ನಾಲ್ಕು ಅನುಮತಿ: ಜಾಗ ನೋಡಲಿಕ್ಕೆ ಒಂದು, ಪರೀಕ್ಷೆಗೆ ಸಣ್ಣ ರಂಧ್ರ ಕೊರೆಯಲಿಕ್ಕೆ ಒಂದು, ದೊಡ್ಡ ಬೋರಿಗೆ ಒಂದು, ಬಂದ ನೀರನ್ನು ಬಳಸಲಿಕ್ಕೆ ಒಂದು. ಪ್ರತಿಯೊಂದಕ್ಕೂ ಅರಣ್ಯ, ಸರ್ವೆ, ಅಂತರ್ಜಲ, ಈ ಮೂರು ಇಲಾಖೆಯವರು ಬೇರೆ ಬೇರೆಯಾಗಿ ತನಿಖೆ ಮಾಡಬೇಕು. ಅದೇ ಮೂವರು ಅದೇ ಬಂಡೆಯ ಹತ್ತಿರ ನಿಂತು ಅವೇ ವಾಕ್ಯ ಬರೆದುಕೊಡುತ್ತಿದ್ದರು. ಅವನ್ನು ನಾನು ಅಂದವಾಗಿ ನಕಲು ಮಾಡುತ್ತಿದ್ದೆ.

ಜಾಗ ನೋಡುವ ಅನುಮತಿ ಬರಲಿಕ್ಕೆ ಹದಿನಾಲ್ಕು ತಿಂಗಳಾಯಿತು. ದಾಕ್ಷಾಯಣಿ ದಿನವೂ ನೋಡುತ್ತಿದ್ದ ಜಾಗ ಅದು. ಪರೀಕ್ಷೆಯ ಅನುಮತಿಗೆ ಮತ್ತೆ ಅಷ್ಟೇ ಕಾಲ. ಅವಳು ಪ್ರತಿ ಸೋಮವಾರ ಡ್ಯೂಟಿ ಮುಗಿಸಿ ಬಂದು ನನ್ನ ಮೇಜಿನ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಜಗಳ ಆಡುತ್ತಿರಲಿಲ್ಲ. ಕಾಗದ ಎಲ್ಲಿದೆ ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡು, ನಮ್ಮ ಮನೆಯವಳ ಮಂಡಿನೋವು ವಿಚಾರಿಸಿ ಹೋಗುತ್ತಿದ್ದಳು. ಬೈದಿದ್ದರೆ ನಾನು ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ.

ಮೂರನೆಯ ವರ್ಷದ ಕಾರ್ತಿಕದಲ್ಲಿ ಪರೀಕ್ಷೆಯ ಕಡತ ಕೊನೆಯ ಸಹಿಗೆ ಬಂತು. ನಾನು ಓಡಾಡಿ, ಕೈಕಾಲು ಹಿಡಿದು, ಮೂರು ತಿಂಗಳು ಆಗುವ ಕೆಲಸವನ್ನು ಎಂಟು ದಿನದಲ್ಲಿ ಮುಗಿಸಿ, ಆದೇಶವನ್ನು ನಾನೇ ಟಪಾಲಿಗೆ ಹಾಕಿದೆ. ಅಷ್ಟು ಸಂತೋಷ ನನಗೆ ನೌಕರಿಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ. ಆದೇಶ ಅವಳ ಕೈ ಸೇರಿದ್ದು ಬೆಂಕಿ ಹೋದ ನಾಲ್ಕನೆಯ ದಿನ. ಅವಳು ಅದನ್ನು ತೆಗೆದುಕೊಂಡು ಬಂದು ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಕೇಳಿದಳು.

"ಪಂಪಣ್ಣಾರ, ತೊಂಬತ್ತು ದಿನದಾಗ ಕೊರೀಬೇಕು, ಇಲ್ಲಂದ್ರ ರದ್ದು ಅಂತ ಬರದೈತಿ. ರಾಜೇಸಾಬನ ಮಷೀನು ಡಿಸೇಲ್ ಮ್ಯಾಲೆ ನಡೀತೈತಿ. ಈ ತೊಂಬತ್ತು ದಿನಾನೂ ಬೆಂಕಿ ಇರೂದಿಲ್ಲ. ನೀವೂ ಇದ ಊರಾಗ ಇರೋರಲ್ಲೇನ್ರಿ?"

ಆ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ತೊಂಬತ್ತು ದಿನ ಎಂಬುದು ಎಲ್ಲ ಆದೇಶಗಳ ಕೊನೆಯಲ್ಲಿ ಅಚ್ಚಾಗಿಯೇ ಇರುತ್ತದೆ. ನಾನು ಸುಮ್ಮನೆ ಇದ್ದಿದ್ದರೆ ಆ ಕಡತ ತಾನಾಗಿ ತೆವಳಿಕೊಂಡು ಮಾಘದ ಕೊನೆಗೆ ಹೊರಬೀಳುತ್ತಿತ್ತು, ಶಿವರಾತ್ರಿಗೆ ಮಷೀನು ಎದ್ದು ಹೋಗುತ್ತಿತ್ತು. ಅವಸರ ಮಾಡಿದ್ದು ನಾನೇ, ನಿಮಗೆ ಒಳ್ಳೆಯದಾಗಲಿ ಅಂತ ಮಾಡಿದೆ ಎಂದು ತಡವರಿಸಿದೆ. ಗೊತ್ತಿದೆ ಎಂದಳು. ಅವಧಿ ವಿಸ್ತರಣೆಗೆ ಬರೆಸಿದೆ. ವಿಸ್ತರಣೆಯೂ ಹೊಸ ಅನುಮತಿಯೇ, ಮೂರೂ ತನಿಖೆ ಮತ್ತೆ ಆಗಬೇಕು ಎಂದು ಮೇಲಿನಿಂದ ಉತ್ತರ ಬಂತು. ಆ ಮೂರು ತಿಂಗಳಲ್ಲಿ ವಾರ್ಡಿನಲ್ಲಿ ಆರು ಕೂಸು ಹೋದವು.

ಮರುವರ್ಷ ನಮ್ಮ ಕಚೇರಿಗೆ ವಿಜಯೀಂದ್ರ ಸಾಹೇಬರು ಬಂದರು. ಚಿಕ್ಕ ವಯಸ್ಸು, ಓದಿಕೊಂಡವರು, ನಿಜವಾಗಿ ಒಳ್ಳೆಯವರು. ದಾಕ್ಷಾಯಣಿಯ ಕಡತವನ್ನು ಒಂದು ಇಡೀ ದಿನ ಓದಿ, ನನ್ನನ್ನು ಕರೆದು, ಈ ಕಡತದಲ್ಲಿ ಯಾರೊಬ್ಬರದೂ ತಪ್ಪಿಲ್ಲ, ಅದೇ ಇದರ ರೋಗ ಎಂದರು. ಒಂದೇ ಅರ್ಜಿ, ಒಂದೇ ತನಿಖೆ, ಒಂದೇ ಆದೇಶ ಎಂಬ ಹೊಸ ನಿಯಮ ಬರೆದು ರಾಜಧಾನಿಗೆ ಕಳಿಸೋಣ ಎಂದರು. ನಾವು ಮೂವರೂ ಕೂತು ಬರೆದೆವು. ದಾಕ್ಷಾಯಣಿ ಸೋಮವಾರಗಳಂದು ಬಂದು, ಬೆಂಕಿ ಇಲ್ಲದ ದಿನಗಳನ್ನು ಅವಧಿಯಲ್ಲಿ ಎಣಿಸಬಾರದು ಎಂಬ ಮಾತನ್ನು ಸೇರಿಸಲು ಹೇಳಿದಳು. ಮೂರೂ ಇಲಾಖೆಯವರು ಒಂದೇ ದಿನ, ಒಟ್ಟಿಗೆ, ಸ್ಥಳದಲ್ಲೇ ನಿಂತು ಒಂದೇ ಕಾಗದಕ್ಕೆ ಸಹಿ ಹಾಕಬೇಕು ಎಂದು ಸಾಹೇಬರು ಬರೆಸಿದರು. ತನಿಖೆಗೆ ಏಳು ದಿನ ಮೊದಲು ಮೂವರಿಗೂ ತಿಳಿವಳಿಕೆ ಪತ್ರ ಹೋಗಬೇಕು, ಆಗ ಗೊತ್ತಿರಲಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳಲಾಗದು ಎಂದು ನಾನು ನನ್ನ ಅನುಭವದಿಂದ ಒಂದು ಕಲಮು ಹಾಕಿದೆ. ಸಾಹೇಬರು ಅದನ್ನು ಮೆಚ್ಚಿಕೊಂಡರು. ಒಟ್ಟು ಹನ್ನೊಂದು ಪುಟ. ಅದನ್ನು ಲಕೋಟೆಗೆ ಹಾಕಿದ ದಿನ ದಾಕ್ಷಾಯಣಿ ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದಳು.

ನಿಯಮ ಮಂಜೂರಾಗಿ ಬಂತು. ನಂಬಲಿಕ್ಕೆ ಆಗದಂತೆ, ಹೆಚ್ಚು ಕಡಿಮೆ ನಾವು ಬರೆದ ಹಾಗೇ ಬಂತು. ಕೊನೆಯಲ್ಲಿ ಒಂದು ಸಾಲು ಮಾತ್ರ ಅವರು ಸೇರಿಸಿದ್ದರು: ಇದು ಇನ್ನು ಮುಂದೆ ಬರುವ ಅರ್ಜಿಗಳಿಗೆ ಅನ್ವಯ, ಹಿಂದಿನವು ಮುಕ್ತಾಯಗೊಂಡಂತೆ. ಮೂರು ವರ್ಷ ದಾಟಿದ ಕಡತಕ್ಕೆ ನಾನು ದಾರ ಬಿಗಿದು ಕಟ್ಟಿದೆ. ದಾಕ್ಷಾಯಣಿ ಅಂದೇ ಹೊಸ ಅರ್ಜಿ ಕೊಟ್ಟಳು, ಹೊಸ ನಿಯಮದ ಮೊದಲನೆಯ ನಂಬರು ಅವಳದ್ದೇ. ಆಗ ಚೈತ್ರ ಮಾಸ, ಬೆಂಕಿಯ ಎಂಟು ತಿಂಗಳು ಮುಂದಿದ್ದವು. ಜ್ಯೇಷ್ಠದಲ್ಲಿ ಸಾಹೇಬರಿಗೆ ವರ್ಗವಾಯಿತು.

ಉಳಿದದ್ದು ಜಂಟಿ ತನಿಖೆ ಒಂದೇ. ಮೊದಲಿನಂತೆ ಬೇರೆ ಬೇರೆ ಬರುವುದಾಗಿದ್ದರೆ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಈಗ ಮೂವರೂ ಒಟ್ಟಿಗೆ ಬರಬೇಕು. ಅರಣ್ಯದವರು ಬಿಡುವಾದಾಗ ಸರ್ವೆಯವರು ರಜೆ. ಸರ್ವೆಯವರು ಬಂದಾಗ ಅಂತರ್ಜಲದ ಹುದ್ದೆಯೇ ಖಾಲಿ, ಇದ್ದವರು ನಿವೃತ್ತರಾಗಿದ್ದರು, ಹೊಸಬರನ್ನು ಹಾಕಿರಲಿಲ್ಲ. ನಾನು ಏಳು ದಿನದ ತಿಳಿವಳಿಕೆ ಪತ್ರವನ್ನು ಹನ್ನೆರಡು ಸಲ ಕಳಿಸಿದೆ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ರಾಜೇಸಾಬ ಲಾರಿಯನ್ನು ಬಿಸಿದಿನ್ನಿಯ ಬೇಲಿಯ ಹೊರಗೆ ತಂದು ನಿಲ್ಲಿಸಿಕೊಂಡು ಕಾದ. ಕಾರ್ತಿಕದ ಕೊನೆಗೆ ಅದನ್ನು ವಾಪಸು ಓಡಿಸಿಕೊಂಡು ಹೋದ. ಅವನ ಎದೆನೋವು ಆಗಲೇ ಶುರುವಾಗಿತ್ತು. ವಿಜಯೀಂದ್ರ ಸಾಹೇಬರು ಹೊಸ ಊರಿನಿಂದ ನನಗೆ ಒಂದು ಕಾರ್ಡು ಬರೆದಿದ್ದರು, ನಿಯಮದಿಂದ ಆ ಸಿಸ್ಟರಿಗೆ ಅನುಕೂಲವಾಯಿತೇ ಎಂದು. ನಾನು ಉತ್ತರ ಬರೆಯಲಿಲ್ಲ.

ಆ ಪುಷ್ಯದಲ್ಲಿ ಕಲ್ಲು ಗಣಿಯ ಕೂಲಿ ದುರ್ಗಪ್ಪನ ಹೆಂಡತಿ ಯಂಕವ್ವನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಏಳನೆಯ ತಿಂಗಳು. ಕೂಸು ಹೊರಬಂತು, ತಾಯಿಗೆ ರಕ್ತ ನಿಲ್ಲಲಿಲ್ಲ, ಮಧ್ಯಾಹ್ನದೊಳಗೆ ತೀರಿಕೊಂಡಳು. ಹೆಣ್ಣು ಕೂಸು, ಅಂಗೈಗಿಂತ ಸ್ವಲ್ಪ ದೊಡ್ಡದು. ದಾಕ್ಷಾಯಣಿ ಅದನ್ನು ರವಿಕೆಯೊಳಗೆ ಎದೆಗೆ ಅವುಚಿ ಕಟ್ಟಿಕೊಂಡು ಮೂರು ತಾಸು ವಾರ್ಡಿನಲ್ಲಿ ಕೂತಳು. ಕೂಸಿನ ಕಾಲು ನೀಲಿಗಟ್ಟುತ್ತಿತ್ತು. ಆಮೇಲೆ ಎದ್ದು, ದುರ್ಗಪ್ಪನ ಗಾಡಿಯನ್ನೇ ಹೂಡಿಸಿ, ಬಿಸಿದಿನ್ನಿಗೆ ಹೋದಳು.

ಅಲ್ಲಿ ಹಬೆ ಏಳುವ ಬಂಡೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನೆಲ ಹಿತವಾಗಿ ಬೆಚ್ಚಗಿರುತ್ತದೆ. ಅಲ್ಲಿ ಮರಳು ಹರವಿ, ಮೇಲೆ ಕೌದಿ ಹಾಸಿ, ಮೊರದಲ್ಲಿ ಹತ್ತಿ ತುಂಬಿ ಕೂಸನ್ನು ಮಲಗಿಸಿದಳು. ದುರ್ಗಪ್ಪ ನಾಲ್ಕು ಗೂಟ ಹುಗಿದು ತಾಡಪತ್ರಿ ಕಟ್ಟಿದ. ಕಾವಲುಗಾರ ಸೀಟಿ ಊದಿದ, ಅವಳು ಏಳಲಿಲ್ಲ. ಅವನು ಡೇರೆಯೊಳಗೆ ಬಗ್ಗಿ ಮೊರ ನೋಡಿ, ಸುಮ್ಮನೆ ಹೊರಟುಹೋದ. ಮರುದಿನದಿಂದ ಅವನ ಹೆಂಡತಿಯೇ, ಅವಳ ಮಗುವಿಗೆ ಆರು ತಿಂಗಳು, ದಿನಕ್ಕೆ ನಾಲ್ಕು ಸಲ ಬಂದು ಬಟ್ಟಲಿಗೆ ಹಾಲು ಹಿಂಡಿ ಕೊಡುತ್ತಿದ್ದಳು. ದಾಕ್ಷಾಯಣಿ ಅದನ್ನು ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ಬಾಯಿಗೆ ಬಿಡುತ್ತಿದ್ದಳು.

ಒಂಬತ್ತನೆಯ ದಿನ ನಾನು ನೋಡಲು ಹೋದೆ. ಕೂಸಿನ ಮುಖ ದುಂಡಗಾಗಿತ್ತು, ನನ್ನ ಕಿರುಬೆರಳು ಕೊಟ್ಟರೆ ಹಿಡಿದುಕೊಂಡಿತು. ನಲವತ್ತು ದಿನ ಸಿಕ್ಕರೆ ಸಾಕು, ಆಮೇಲೆ ಇವಳಿಗೆ ಏನೂ ಆಗುವುದಿಲ್ಲ ಎಂದಳು ದಾಕ್ಷಾಯಣಿ. ಅವಳು ನಕ್ಕಿದ್ದನ್ನು ನಾನು ಸರಿಯಾಗಿ ನೋಡಿದ್ದು ಆ ದಿನವೇ.

ಹತ್ತನೆಯ ದಿನ ಅರಣ್ಯದ ಮೇಲಧಿಕಾರಿಯೊಬ್ಬರು ಕುದುರೆಯ ಮೇಲೆ ಹಾದುಹೋಗುವಾಗ ಡೇರೆ ಕಂಡರು. ಎಳೆಗೂಸಿದೆ ಎಂದು ಕಾವಲುಗಾರ ಕೈಮುಗಿದು ಹೇಳಿದ. ಅವರು ಕೆಟ್ಟವರಲ್ಲ, ಬರೆದುಕೊಳ್ಳದೆ ಹೋದರೆ ನಾಳೆ ನನ್ನನ್ನೇ ಕೇಳುತ್ತಾರೆ ಎಂದರು. ಬರೆದುಕೊಂಡದ್ದು ನಮ್ಮ ಕಚೇರಿಗೆ ಬಂತು. ತನಿಖೆಗೆ ಬಾಕಿ ಇರುವ ಸರ್ಕಾರಿ ಜಮೀನಿನಲ್ಲಿ ಅತಿಕ್ರಮಣ. ಮೂರು ದಿನದೊಳಗೆ ಮೂರೂ ಇಲಾಖೆಯ ಸಮಕ್ಷಮ ತೆರವು ಮಾಡಿಸಿ ವರದಿ ಕೊಡತಕ್ಕದ್ದು. ನೋಟೀಸು ಟೈಪು ಮಾಡಬೇಕಾದವನು ನಾನು. ನಲವತ್ತು ದಿನದ ತಾತ್ಕಾಲಿಕ ವಾಸಕ್ಕೆ ಅವಳಿಂದ ಒಂದು ಅರ್ಜಿ ಬರೆಸಿ ಜೊತೆಗಿಟ್ಟು, ಹೊಸ ಸಾಹೇಬರ ಮುಂದೆ ಒಯ್ದೆ. ಅವರು ನಿಯಮ ತೆಗೆದು ತೋರಿಸಿದರು. ಆ ಜಮೀನಿನ ಮೇಲೆ ಯಾವ ಅನುಮತಿಯಾದರೂ ಜಂಟಿ ತನಿಖೆಯ ನಂತರವೇ. ಅದು ನಮ್ಮ ಹನ್ನೊಂದು ಪುಟದಲ್ಲಿತ್ತು, ನಾಲ್ಕನೆಯ ಪುಟ. ನಾನು ಹೋಗಿ ನೋಟೀಸು ಟೈಪು ಮಾಡಿದೆ. ಮಾಡಲಾರೆ ಎನ್ನಬಹುದಿತ್ತು. ಬೇರೆ ಯಾರೋ ಮಾಡುತ್ತಿದ್ದರು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೂರು ಗಾಡಿ ಬಿಸಿದಿನ್ನಿಗೆ ಬಂದವು. ಅರಣ್ಯದವರು, ಸರ್ವೆಯವರು, ಅಂತರ್ಜಲದವರು. ಅಂತರ್ಜಲಕ್ಕೆ ಪಕ್ಕದ ತಾಲೂಕಿನ ಒಬ್ಬರಿಗೆ ಆ ಒಂದು ದಿನದ ಮಟ್ಟಿಗೆ ಪ್ರಭಾರ ಕೊಟ್ಟಿದ್ದರು. ಒಂಬತ್ತು ತಿಂಗಳು ಒಟ್ಟಿಗೆ ಸೇರದಿದ್ದ ಮೂವರು ಆ ಬಂಡೆಯ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು, ನೆಲ ಬೆಚ್ಚಗಿದೆ ಎಂದು ಒಬ್ಬರು ಬೂಟು ಕೂಡ ಬಿಚ್ಚಿದ್ದರು. ನಾನು ಚೀಲದಿಂದ ಜಂಟಿ ತನಿಖೆಯ ಫಾರಂ ತೆಗೆದೆ.

"ಸರ್, ಮೂರೂ ಮಂದಿ ಇಲ್ಲೇ ಅದೀರಿ. ಒಂದೊಂದು ಸಹಿ ಹಾಕಿದ್ರ ಇಕಿ ಇಲ್ಲೇ ಇರಬಹುದು. ಬೋರಿಂದೂ ಮುಗೀತೈತಿ."

ಸರ್ವೆಯವರು ಫಾರಂ ತೆಗೆದುಕೊಂಡು ಪೂರ್ತಿ ಓದಿದರು. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಮರುಕವೇ ಇತ್ತು.

"ಪಂಪಾಪತಿ, ಇವತ್ತಿನ ನಡಾವಳಿ ತೆರವಿಂದು. ತನಿಖೆಗೆ ಏಳು ದಿನ ಮೊದ್ಲ ತಿಳಿಸಬೇಕಂತ ಇದರಾಗ ಐತಿ ನೋಡ್ರಿ. ನಾವು ಸಹಿ ಹಾಕಿದ್ರೂ ನಾಳೆ ನಿಲ್ಲೂದಿಲ್ಲ ಇದು."

ಅವರು ಬೆರಳಿಟ್ಟು ತೋರಿಸಿದ್ದು ನನ್ನ ಕಲಮು. ಏಳು ದಿನದ ನಂತರ ಮತ್ತೆ ಬನ್ನಿ ಎಂದು ಬೇಡಿಕೊಂಡೆ. ನನ್ನ ಪ್ರಭಾರ ಸಂಜೆಗೆ ಮುಗಿಯುತ್ತದೆ ಎಂದರು ಅಂತರ್ಜಲದವರು.

ದಾಕ್ಷಾಯಣಿ ಇದನ್ನೆಲ್ಲ ಡೇರೆಯ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು. ಯಾರ ಕಾಲಿಗೂ ಬೀಳಲಿಲ್ಲ. ದುರ್ಗಪ್ಪ ಗೂಟಕ್ಕೆ ಅಡ್ಡ ನಿಂತು, ಯಾರಾದರೂ ಮುಟ್ಟಿದರೆ ನೋಡಿ ಎಂದು ಕೂಗಾಡಿದ. ಅವನನ್ನು ಇಬ್ಬರು ಹಿಡಿದುಕೊಂಡರು. ಆಗ ಅವಳೇ ಎದ್ದು, ಹೊಡೆದಾಡಬೇಡ, ಕೂಸಿಗೆ ಬೆಚ್ಚಗೆ ಹೊದಿಸಲು ಬಿಡು ಎಂದು ಅವನಿಗೆ ಹೇಳಿ, ಕೂಸನ್ನು ಎದೆಗೆ ಕಟ್ಟಿಕೊಂಡು ಗಾಡಿ ಹತ್ತಿದಳು. ಪಂಚನಾಮೆಗೆ ಮೂವರೂ ಸಹಿ ಹಾಕಿದರು. ಸ್ಥಳದಲ್ಲಿ ಒಂದು ತಾಡಪತ್ರಿ, ನಾಲ್ಕು ಗೂಟ, ಒಂದು ಮೊರ ದೊರೆತವು ಎಂದು ನಾನು ಬರೆದೆ.

ವಾರ್ಡಿನಲ್ಲಿ ಅವಳು, ಇಬ್ಬರು ಆಯಾಗಳು, ಕಾವಲುಗಾರನ ಹೆಂಡತಿ, ಹೀಗೆ ನಾಲ್ವರು ಸರದಿಯ ಮೇಲೆ ಕೂಸನ್ನು ಎದೆಗೆ ಕಟ್ಟಿಕೊಂಡರು. ನನ್ನ ಹೆಂಡತಿಯೂ ಒಂದು ದಿನ ಹೋಗಿ ಕಟ್ಟಿಕೊಂಡಳು, ಬಂದು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೊತ್ತೇರುವಾಗ ಕೂಸು ಹಾಲು ನುಂಗುವುದನ್ನು ಬಿಟ್ಟಿತು. ನಾನು ಹೋಗುವಷ್ಟರಲ್ಲಿ ದುರ್ಗಪ್ಪ ಅದನ್ನು ತನ್ನ ತಲೆಯ ಪಟಗ ಬಿಚ್ಚಿ ಅದರಲ್ಲಿ ಸುತ್ತಿ ಎತ್ತಿಕೊಂಡು ಹೊರಟಿದ್ದ. ದಾಕ್ಷಾಯಣಿ ವಾರ್ಡಿನ ನೆಲದ ಮೇಲೆ ಅಂಗೈ ಊರಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಸಿಮೆಂಟು ತಣ್ಣಗೆ ಕೊರೆಯುತ್ತಿತ್ತು.

ಶಿವರಾತ್ರಿಗೆ ಬೆಂಕಿ ಬಂತು. ಅದರ ಮುಂದಿನ ತಿಂಗಳು ಆರೋಗ್ಯದವರ ಆದೇಶವೂ ಬಂತು: ಚಳಿಗೆ ಕೂಸುಗಳು ಸಾಯುತ್ತಿರುವುದರಿಂದ ಇಲ್ಲಿನ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ, ಗಡಿಗಲ್ಲಿನಾಚೆ ಹದಿನೆಂಟು ಮೈಲಿ ದೂರದ ಊರಿನ ಆಸ್ಪತ್ರೆಗೆ ಸೇರಿಸಲಾಗಿದೆ. ಕಟ್ಟಡ ಖಾಲಿ ಬಿಡಬಾರದೆಂದು ನಮ್ಮ ಕಚೇರಿಗೆ ಕೊಟ್ಟರು. ವಾರ್ಡಿನಲ್ಲಿ ಈಗ ನಮ್ಮ ಹಳೆಯ ಕಡತಗಳಿವೆ. ಮಾರ್ಗಶಿರ ಬಂತೆಂದರೆ ಬಸುರಿಯರು ಎತ್ತಿನ ಗಾಡಿಯಲ್ಲಿ ಗಡಿಗಲ್ಲಿನ ತನಕ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ದಾಕ್ಷಾಯಣಿಗೆ ಹೊಸ ಆಸ್ಪತ್ರೆಯಲ್ಲಿ ಜಾಗ ಕೊಟ್ಟರು, ಅವಳು ಹೋಗಲಿಲ್ಲ, ನೌಕರಿ ಬಿಟ್ಟಳು. ಗಾಡಿಗಳ ಜೊತೆ ನಡೆಯುತ್ತಾಳೆ. ದಾರಿಯಲ್ಲೇ ಆಗಿಬಿಡುವ ಹೆರಿಗೆಗಳು ಅವಳ ಪಾಲಿಗೆ. ರಾಜೇಸಾಬ ಮರುವರ್ಷ ಎದೆನೋವಿನಿಂದ ತೀರಿಕೊಂಡ, ಲಾರಿಯನ್ನು ಅವನ ಮಕ್ಕಳು ಬೇರೆ ಕಡೆ ಒಯ್ದರು.

ಕಡತ ಮಾತ್ರ ನಿಂತಿರಲಿಲ್ಲ. ಅಂತರ್ಜಲಕ್ಕೆ ಹೊಸಬರು ಬಂದರು, ಮೂವರೂ ಒಂದು ದಿನ ಸೇರಿದರು, ಇಪ್ಪತ್ತು ನಿಮಿಷದಲ್ಲಿ ತನಿಖೆ ಮುಗಿಸಿ ಆಕ್ಷೇಪಣೆ ಇಲ್ಲ ಎಂದು ಬರೆದರು. ಹೋದ ಮಾರ್ಗಶಿರದಲ್ಲಿ, ಮೊದಲ ಅರ್ಜಿಯಿಂದ ಏಳನೆಯ ವರ್ಷ, ಆದೇಶ ಹೊರಬಿತ್ತು. ಹೆರಿಗೆ ವಾರ್ಡನ್ನು ಬೆಚ್ಚಗಿಡುವ ಸಲುವಾಗಿ ಭೂಮಿಯ ಶಾಖ ಬಳಸಿಕೊಳ್ಳಲು ಅನುಮತಿ ನೀಡಲಾಗಿದೆ. ಬೇರೆ ಯಾವ ಉದ್ದೇಶಕ್ಕೂ ಬಳಸಕೂಡದು. ಅದನ್ನು ಟಪಾಲಿಗೆ ಹಾಕಲು ಮನಸ್ಸಾಗಲಿಲ್ಲ. ನಾನೇ ಗಡಿಗಲ್ಲಿನ ತನಕ ನಡೆದೆ.

ಅಲ್ಲಿ ಎರಡು ಗಾಡಿ ಬಸ್ಸಿಗೆ ಕಾಯುತ್ತಿದ್ದವು. ದಾಕ್ಷಾಯಣಿ ಒಬ್ಬ ಹುಡುಗಿಯ ಸೊಂಟ ನೀವುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಕೈ ಒರೆಸಿಕೊಂಡು ಆದೇಶ ತೆಗೆದುಕೊಂಡಳು, ಎರಡೂ ಮಗ್ಗುಲು ಓದಿದಳು, ಕೆಳಗಿನ ಸಹಿಗಳನ್ನೂ ಓದಿದಳು. ಮಡಿಚಿ ನನ್ನ ಕೈಗೇ ಕೊಟ್ಟಳು.

"ಆ ಕೂಸು ಇದ್ದಿದ್ರ ಈಗ ಓಡಾಡತಿತ್ರಿ, ಪಂಪಣ್ಣಾರ," ಎಂದಳು.

ಗಾಡಿಯಲ್ಲಿದ್ದ ಹುಡುಗಿ ನೋವಿಗೆ ನರಳಿದಳು, ದಾಕ್ಷಾಯಣಿ ಆ ಕಡೆ ತಿರುಗಿ, ಬಸ್ಸಿನ ತನಕ ತಡೆಯುವುದಿಲ್ಲ, ಗಂಡಸರು ದೂರ ಹೋಗಿ ಎಂದಳು. ನಾನೂ ದೂರ ಬಂದೆ. ಕಚೇರಿಗೆ ಬಂದು, ಅರ್ಜಿದಾರರಿಗೆ ಆದೇಶವನ್ನು ಖುದ್ದಾಗಿ ತಲುಪಿಸಲಾಗಿದೆ ಎಂದು ಬರೆದು, ಕೆಳಗೆ ಸಹಿ ಮಾಡಿ, ಕಡತವನ್ನು ಮುಕ್ತಾಯ ಮಾಡಿದೆ.